ಕತ್ತರಿಸಿ ಎಸೆದ ಬಡಿತ

ಇಸಿಜಿ ತೆಗೆಯಲು ಕಲಿಯುವುದಕ್ಕೆ ಒಂದು ವಾರ ಸಾಕು ಎನ್ನುವವರ ಮೇಲೆ ನನಗೆ ಕೋಪವಿಲ್ಲ. ನಾನೂ ಹಾಗೆಯೇ ಅಂದುಕೊಂಡು ಈ ಕೆಲಸಕ್ಕೆ ಸೇರಿದವಳು. ಶಿವಾಜಿನಗರದ ಹತ್ತಿರದ ಒಂದು ಆಸ್ಪತ್ರೆಯ ಇಸಿಜಿ ಕೋಣೆಗೆ ಮೊದಲು ಕಾಲಿಟ್ಟಾಗ ನನಗೆ ಇಪ್ಪತ್ತಮೂರು. ಅದೇ ಕೋಣೆಯಿಂದ ಅರವತ್ತಕ್ಕೆ ನಿವೃತ್ತಳಾದೆ. ನಡುವೆ ಬಡ್ತಿ ಗಿಡ್ತಿ ಏನೇನು ಬಂತು ಎಂದು ಬರೆಯುತ್ತ ಕೂತರೆ ಓದುವವರಿಗೂ ನಿದ್ದೆ, ಬರೆಯುವ ನನಗೂ ನಿದ್ದೆ. ಈಗ ಹಲಸೂರಿನ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. "ಇದ್ರಲ್ಲಿ ಏನಿದೆ ಮೇಡಂ, ಬಟನ್ ಒತ್ತಿದ್ರೆ ಮೆಷೀನೇ ಎಲ್ಲ ಬರ್ಕೊಡುತ್ತೆ" ಎನ್ನುತ್ತಾರೆ. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ನಾನು ಮಾಡಿದ ಒಂದು ತಪ್ಪು ನನ್ನ ನೌಕರಿಯುದ್ದಕ್ಕೂ ನನ್ನ ಜೊತೆಗೇ ಬಂತು, ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಗಿನ ಮೆಷೀನು ಈಗಿನಂತೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುತ್ತಿರಲಿಲ್ಲ. ಎರಡು ಬೆರಳಗಲದ ಕಾಗದದ ಪಟ್ಟಿ, ಅದರ ಮೇಲೆ ಕಾದ ಕಡ್ಡಿಯೊಂದು ಗೀರುತ್ತ ಹೋಗುತ್ತಿತ್ತು. ಕೈಕಾಲಿಗೆ ಲೋಹದ ತಗಡು, ಎದೆಗೆ ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರಿನ ಬುರುಡೆ. ಎದೆಯ ಮೇಲೆ ಒಂದೊಂದು ಜಾಗಕ್ಕೂ ಬುರುಡೆಯನ್ನು ಕಿತ್ತು ಕಿತ್ತು ಅಂಟಿಸಬೇಕು. ಕೊನೆಯಲ್ಲಿ ಮಾರುದ್ದದ ಪಟ್ಟಿ ಕೈಗೆ ಬರುತ್ತಿತ್ತು. ಅದರಲ್ಲಿ ಚೆನ್ನಾಗಿ ಬಂದ ತುಂಡುಗಳನ್ನು ಕತ್ತರಿಯಿಂದ ಕತ್ತರಿಸಿ, ರಟ್ಟಿನ ಕಾರ್ಡಿಗೆ ಗೋಂದು ಹಚ್ಚಿ ಸಾಲಾಗಿ ಅಂಟಿಸಿ ಡಾಕ್ಟರ ಮೇಜಿಗೆ ಕಳಿಸುವುದು ಪದ್ಧತಿ. ಉಳಿದದ್ದು ಕಸದ ಬುಟ್ಟಿಗೆ.

ನಮ್ಮ ಕೋಣೆಯ ಇನ್‌ಚಾರ್ಜ್ ರಾಜಮಾಣಿಕ್ಯಂ ಸಾರ್ ಎಂಬವರು. ಮಡಿಸಿದ ಗೆರೆ ಕೆಡದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅವರ ಮಟ್ಟಿಗೆ ಕಾರ್ಡು ನೋಡಲು ಅಂದವಾಗಿದ್ದರೆ ಕೆಲಸ ಮುಗಿದಂತೆ. "ಡಾಕ್ಟರ್ ಕೈಗೆ ಗಲೀಜು ಕೊಡ್ಬಾರ್ದಮ್ಮಾ ನಿರ್ಮಲಾ. ಪೇಷೆಂಟ್ ಅಲ್ಲಾಡಿರೋದೆಲ್ಲ ತೆಗ್ದುಹಾಕು" ಎನ್ನುತ್ತಿದ್ದರು. ನನಗೆ ಕತ್ತರಿ ಚೆನ್ನಾಗಿ ಒಲಿದಿತ್ತು. ನನ್ನ ಕಾರ್ಡುಗಳನ್ನು ಅವರು ಬೇರೆಯವರಿಗೆ ಮಾದರಿಯಾಗಿ ತೋರಿಸುತ್ತಿದ್ದರು, ನಾನು ಉಬ್ಬಿ ಹೋಗುತ್ತಿದ್ದೆ.

ಆ ದಿನಗಳಲ್ಲಿ ಬಂದವರು ಖಾದರ್ ಸಾಹೇಬರು. ಶಿವಾಜಿನಗರದಲ್ಲಿ ಶೇರ್ವಾನಿ ಹೊಲಿಯುವ ಟೈಲರ್, ಐವತ್ತು ದಾಟಿದವರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಕಬೂತರ್ ಒಳ್ಗೆ ಸೇರ್ಕೊಂಡಂಗೆ ಐತಮ್ಮಾ. ಆಮೇಲೆ ತಾನೇ ಸುಮ್ನಾಗ್ತದೆ" ಎಂದು, ಪಾರಿವಾಳ ರೆಕ್ಕೆ ಬಡಿಯುವಂತೆ ಬೆರಳಾಡಿಸಿ ತೋರಿಸಿದರು. ಮಲಗಿಸಿ ತಂತಿ ಕಟ್ಟಿದೆ. ಕಡ್ಡಿ ಗೀರತೊಡಗಿದಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರವೇ ಸರಿಯಿಲ್ಲ. ಎರಡು ಹತ್ತಿರ ಹತ್ತಿರ, ಒಂದು ದೂರ, ಮತ್ತೆ ಮೂರು ಹತ್ತಿರ, ತಳದ ಗೆರೆಯೂ ನಡುಗುತ್ತಿತ್ತು. ಮನುಷ್ಯ ಹೆದರಿ ಅಲ್ಲಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲಾಡಬೇಡಿ, ಉಸಿರು ಸಮ ಮಾಡಿಕೊಳ್ಳಿ ಎಂದು ಗದರಿ, ಫ್ಯಾನ್ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟೆ. ಮತ್ತೆ ತೆಗೆದಾಗ ಗೆರೆ ನೆಟ್ಟಗೆ ಬಂತು. ಆ ನೆಟ್ಟಗಿನ ತುಂಡುಗಳನ್ನು ಕತ್ತರಿಸಿ ಅಂಟಿಸಿದೆ. ಮೊದಲಿನ ಉದ್ದದ ಪಟ್ಟಿಯನ್ನು ಸುತ್ತಿ ಬುಟ್ಟಿಗೆ ಹಾಕಿದೆ. ಡಾಕ್ಟರು ಕಾರ್ಡು ನೋಡಿ ಎಲ್ಲ ಸರಿಯಿದೆ ಎಂದು ಕಳಿಸಿದರು.

ನಾಲ್ಕೈದು ತಿಂಗಳ ನಂತರ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಬಟ್ಟೆ ಕತ್ತರಿಸುತ್ತಿದ್ದ ಕೈ ಅದು. ಮತ್ತೆ ತಂತಿ ಕಟ್ಟಿದೆ. ಅದೇ ಗೆರೆ, ಅದೇ ಅಂಕೆ ತಪ್ಪಿದ ಅಂತರ, ಈ ಸಲ ಫ್ಯಾನ್ ಹಾಕಿದರೂ ನೆಟ್ಟಗಾಗಲಿಲ್ಲ. ನನ್ನ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಇದನ್ನು ನಾನು ಮೊದಲೇ ನೋಡಿದ್ದೆ.

ನಮ್ಮ ದೊಡ್ಡ ಡಾಕ್ಟರು ಒಬ್ಬರು ಹೆಂಗಸು, ಕಡಿಮೆ ಮಾತಿನವರು. ಅವರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ, ಕಾಗದ ತೆಗೆದು ಹೃದಯದ ಚಿತ್ರ ಬರೆದರು. ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡುವ ಬದಲು ಬರೀ ನಡುಗತೊಡಗಿದರೆ ಅಲ್ಲಿ ರಕ್ತ ನಿಲ್ಲುತ್ತದೆ, ನಿಂತ ರಕ್ತ ಹೆಪ್ಪುಗಟ್ಟಿ ಗರಣೆಯಾಗುತ್ತದೆ, ಆ ಗರಣೆ ಮಿದುಳಿಗೆ ಹೋದರೆ ಹೀಗಾಗುತ್ತದೆ ಎಂದು ವಿವರಿಸಿದರು. ಇದು ಕೆಲವರಲ್ಲಿ ಬಂದು ಬಂದು ಹೋಗುತ್ತದೆ, ಬಂದಾಗ ಹಿಡಿದರೆ ಗರಣೆ ಕಟ್ಟದಂತೆ ಮಾತ್ರೆ ಕೊಡಬಹುದು ಎಂದರು. ಆಮೇಲೆ ಒಂದೇ ಮಾತು: "ನೀನು ಬಿಸಾಕಿದ್ಯಲ್ಲ, ನನಗೆ ಬೇಕಾಗಿದ್ದು ಅದೇ ತುಂಡು."

ಆ ತುಂಡು ಅವರ ಮೇಜಿಗೆ ಹೋಗಿದ್ದರೆ ಖಾದರ್ ಸಾಹೇಬರ ಕೈ ಉಳಿಯುತ್ತಿತ್ತೇ? ಉಳಿಯುತ್ತಿತ್ತು ಎಂದು ಆಣೆ ಮಾಡಿ ಯಾರೂ ಹೇಳಲಾರರು. ಆದರೆ ಉಳಿಯುವ ದಾರಿಯನ್ನು ನಾನು ಕತ್ತರಿಸಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಲ್ಲಿಂದ ಎರಡು ನಿಯಮ ಹಾಕಿಕೊಂಡೆ. ತಂತಿ ಕಟ್ಟುವ ಮೊದಲು ಪ್ರತಿಯೊಬ್ಬರ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ ನೋಡುವುದು. ಬಂದ ಪಟ್ಟಿಯಲ್ಲಿ ಒಂದು ಗೇಣನ್ನೂ ಎಸೆಯದೆ, ಕೆಟ್ಟದಾಗಿ ಬಂದದ್ದನ್ನು ಮಡಿಸಿ ಕಾರ್ಡಿನ ಹಿಂದೆ ಪಿನ್ನು ಹಾಕುವುದು. ರಾಜಮಾಣಿಕ್ಯಂ ಸಾರ್‌ಗೆ ಇದು ಸುತರಾಂ ಹಿಡಿಸಲಿಲ್ಲ. ಹೊರಗೆ ಸಾಲು ಬೆಳೆಯುತ್ತಿರುವಾಗ ಒಬ್ಬಳು ಕಣ್ಣು ಮುಚ್ಚಿಕೊಂಡು ಕೈ ಹಿಡಿದು ಕೂತರೆ ಯಾರಿಗೆ ತಾನೇ ಹಿಡಿಸುತ್ತದೆ. ನನಗೆ ನಾಡಿ ನಿರ್ಮಲಾ ಎಂದು ಹೆಸರು ಬಿತ್ತು. ಇನ್ನೂ ಭವಿಷ್ಯ ಹೇಳುವುದೊಂದು ಬಾಕಿ ಎಂದು ಎಕ್ಸ್‌ರೇ ಕೋಣೆಯವರು ನಗುತ್ತಿದ್ದರು. ನಗಲಿ ಎಂದು ನನ್ನ ಪಾಡಿಗೆ ನಾನು ಎಣಿಸುತ್ತಿದ್ದೆ.

ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದುತ್ತಾಳಲ್ಲ, ಆ ಅತಿ ಎಚ್ಚರದಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಇಂದಿರಾನಗರದಿಂದ ಹಿರಿಯರೊಬ್ಬರು ಹೆಂಡತಿಯ ಜೊತೆ ಬಂದಿದ್ದರು. ಅಂದು ಜನ ಬಹಳ, ನಾಡಿ ಹಿಡಿಯಲಿಲ್ಲ. ಗೆರೆ ಗಡಗಡ ನಡುಗುತ್ತ ಬಂತು. ಎಲ್ಲ ತಿಳಿದವಳಂತೆ, ಬಡಿತ ಅಂಕೆ ತಪ್ಪಿದೆ, ಲಕ್ವ ಹೊಡೆಯುವ ಸಂಭವವಿದೆ ಎಂದು ಆ ಅಮ್ಮನಿಗೆ ಹೇಳಿಯೂಬಿಟ್ಟೆ. ಆಕೆ ಅಲ್ಲೇ ಅಳತೊಡಗಿದರು. ದೊಡ್ಡ ಡಾಕ್ಟರು ಬಂದು ಮಣಿಕಟ್ಟು ಹಿಡಿದರು. ನಾಡಿ ಗಡಿಯಾರದ ಹಾಗೆ ಸಮನಾಗಿತ್ತು. ಹಿರಿಯರಿಗೆ ಕೈ ನಡುಗುವ ಕಾಯಿಲೆ, ಆ ನಡುಕವೇ ಗೆರೆಗೆ ಇಳಿದಿತ್ತು. ಎರಡೂ ಅಂಗೈಗಳನ್ನು ಕುಂಡೆಯ ಕೆಳಗೆ ಇಟ್ಟುಕೊಂಡು ಮಲಗಿ ಎಂದರು ಡಾಕ್ಟರು. ಗೆರೆ ಸ್ವಚ್ಛವಾಗಿ ಬಂತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕಾಯಿಲೆಯ ಹೆಸರು ಹೇಳುವುದು ನಿನ್ನ ಕೆಲಸವಲ್ಲ, ಕಂಡದ್ದನ್ನು ಪೂರ್ತಿಯಾಗಿ ತಂದುಕೊಡುವುದು ನಿನ್ನ ಕೆಲಸ ಎಂದು ಚೆನ್ನಾಗಿ ಝಾಡಿಸಿದರು. ಕೈ ನಡುಗುವವರಿಗೆ ಆ ಉಪಾಯ ಇವತ್ತಿಗೂ ಕೆಲಸಕ್ಕೆ ಬರುತ್ತದೆ, ಹೊಸಬರು ನೆನಪಿಡಿ.

ಖಾದರ್ ಸಾಹೇಬರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರುತ್ತಿದ್ದರು. ಗರಣೆ ತಡೆಯುವ ಆಗಿನ ಮಾತ್ರೆ ಕಡಿಮೆಯಾದರೆ ಲಕ್ವದ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ಅದಕ್ಕಾಗಿ ರಕ್ತ ನೋಡಿ ನೋಡಿ ಅಳತೆ ಹಾಕಬೇಕಿತ್ತು. ಬಂದಾಗಲೆಲ್ಲ ನನ್ನ ಕೋಣೆಗೆ ಇಣುಕಿ ಸಲಾಂ ಹೇಳುತ್ತಿದ್ದರು. ಆ ಸಲಾಮು ನನಗೆ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಎರಡು ವರ್ಷವಾದ ಮೇಲೆ ಒಂದು ದಿನ ಕೂರಿಸಿ ಹೇಳಿಬಿಟ್ಟೆ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟರು.

"ನಾನೂ ಬಟ್ಟೆ ತಪ್ಪು ಕತ್ತರಿಸಿದೀನಿ ಅಮ್ಮಾ. ಕತ್ತರಿಸಿದ್ದು ಸೇರಲ್ಲ" ಎಂದರು. "ಮುಂದೆ ಬರೋರ್ದು ಬಿಸಾಕ್ಬೇಡ. ಅಷ್ಟು ಮಾಡು."

ಮಾಫ್ ಮಾಡಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಆಮೇಲೆ ಕಾಲ ಬದಲಾಯಿತು. ಕತ್ತರಿ ಗೋಂದು ಹೋದವು, ಹನ್ನೆರಡು ಗೆರೆಗಳನ್ನು ಒಟ್ಟಿಗೆ ಬರೆಯುವ ಮೆಷೀನು ಬಂತು. ಹಾಳೆಯ ತಲೆಯ ಮೇಲೆ ಎಲ್ಲ ಸರಿಯಿದೆ, ಅಥವಾ ಇಂಥದ್ದು ಸರಿಯಿಲ್ಲ ಎಂದು ಮೆಷೀನೇ ಬರೆದುಕೊಡುವ ಕಾಲ ಬಂತು. ಹೊಸಬರು ಆ ಒಂದು ಸಾಲು ಓದಿ ಹಾಳೆ ಕೊಟ್ಟು ಕಳಿಸುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಮೆಷೀನಿನ ಮೇಲೆ ನನಗೆ ದ್ವೇಷವಿಲ್ಲ, ನಮ್ಮ ಬುರುಡೆಗಳಿಗಿಂತ ಅದು ಸಾವಿರ ಪಾಲು ಮೇಲು. ಆದರೆ ಅದು ಹತ್ತು ಸೆಕೆಂಡು ಮಾತ್ರ ನೋಡುತ್ತದೆ, ಉಳಿದ ದಿನವೆಲ್ಲ ಎದೆ ಏನು ಮಾಡುತ್ತಿತ್ತು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ನಾನು ನಾಡಿ ಹಿಡಿಯುವುದನ್ನು ಬಿಡಲಿಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ ಮಲ್ಲಮ್ಮ ಬಂದಳು. ಸೇಡಂ ಕಡೆಯ ಹೆಂಗಸು, ಐವತ್ತೈದರ ಆಸುಪಾಸು, ಬಿಪಿ ಇತ್ತು. ಕೆ.ಆರ್. ಪುರಂನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು, ಅಲ್ಲಿಯೇ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಮಾಡುತ್ತಿದ್ದಳು. ಎದೆ ಹಾರುತ್ತದೆ ಎಂದು ಅದು ಅವಳ ಮೂರನೆಯ ಇಸಿಜಿ. ಮೂರೂ ಸಲ ನೆಟ್ಟಗಿನ ಗೆರೆ. ನಾಡಿಯೂ ಸಮನಾಗಿತ್ತು. ಹಿಂದಿನ ಎರಡು ಸಲವೂ ಡಾಕ್ಟರು ಗ್ಯಾಸ್ ಇರಬಹುದು, ಟೆನ್ಷನ್ ಇರಬಹುದು ಎಂದು ಹೇಳಿ ಕಳಿಸಿದ್ದರು. ತಂತಿ ಬಿಚ್ಚುತ್ತ, ಹಾರುವುದು ಹೇಗೆ, ಸ್ವಲ್ಪ ತೋರಿಸು ಎಂದೆ. ಅವಳು ಮಂಚದ ಅಂಚಿನ ಮೇಲೆ ಅಂಗೈ ಬಡಿದು ತೋರಿಸಿದಳು.

"ನಾ ರೊಟ್ಟಿ ಬಡ್ಯಾದು ಹಿಂಗ ನೋಡ್ರಿ ಅಕ್ಕೋರ" ಎಂದು ತಟ್ಟಿದಳು, ಒಂದೇ ಸಮನೆ. "ಎದಿ ಬಡ್ಯಾದು ಹಿಂಗ." ಎರಡು ಬೇಗ, ಒಂದು ತಡ, ಮೂರು ಬೇಗ, ನಡುವೆ ಒಂದು ಖಾಲಿ.

ಖಾದರ್ ಸಾಹೇಬರ ಪಟ್ಟಿಯನ್ನೇ ಅವಳು ಮಂಚದ ಮೇಲೆ ತಟ್ಟಿದಂತಿತ್ತು. ಬೇರೇನಾದರೂ ಆಗಿತ್ತೇ ಎಂದು ಕೇಳಿದೆ. ಹೋದ ವಾರ ಕೈಯಾಗಿನ ರೊಟ್ಟಿ ಜಾರಿ ಬಿತ್ತು, ಎಡಗೈ ತನ್ನದೇ ಅಲ್ಲ ಅನ್ನಿಸಿತು, ನಾಲಿಗೆ ತೊದಲಿತು, ಹತ್ತು ನಿಮಿಷಕ್ಕೆ ಎಲ್ಲ ಸರಿಯಾಯಿತು ಎಂದಳು. ಡಾಕ್ಟರಿಗೆ ಹೇಳಿದೆಯಾ ಎಂದರೆ, ಸರಿ ಆದದ್ದನ್ನು ಯಾಕೆ ಹೇಳಬೇಕು ಎಂದಳು. ಕೈ ಹಿಡಿದು ಡಾಕ್ಟರ ಬಳಿ ಎಳೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ವಿಷಯ ಕೇಳಿದೊಡನೆ ಗಾಬರಿಯಾಗಿ ತಲೆಯ ಸ್ಕ್ಯಾನ್ ಮಾಡಿಸಿದರು, ಬಿಪಿಗೆ ಮಾತ್ರೆ ಬದಲಿಸಿದರು, ಗರಣೆಗೆ ಸದ್ಯ ಒಂದು ಸೌಮ್ಯ ಮಾತ್ರೆ ಕೊಟ್ಟರು, ಒಂದು ಇಡೀ ದಿನ ಎದೆಯ ಮೇಲೆ ಕಟ್ಟಿಕೊಂಡು ಬಡಿತ ದಾಖಲಿಸುವ ಪೆಟ್ಟಿಗೆಯನ್ನೂ ಹಾಕಿಸಿದರು. ಆ ಒಂದು ದಿನ ಅವಳ ಎದೆ ಶಾಲೆಯ ಮಗುವಿನ ಹಾಗೆ ಶಿಸ್ತಾಗಿತ್ತು. ಗರಣೆ ತಡೆಯುವ ಗಟ್ಟಿ ಮಾತ್ರೆ ಕೊಡಿ ಎಂದು ನಾನು ಬೇಡಿಕೊಂಡೆ. "ಪೇಪರ್ ಮೇಲೆ ಕಾಣ್ದೆ ಹೇಗೆ ಕೊಡ್ಲಿ ಮೇಡಂ? ಬ್ಲೀಡ್ ಆದ್ರೆ ಯಾರು ಹೊಣೆ? ನೀವು ಒಂದೇ ಒಂದು ಸ್ಟ್ರಿಪ್ ತಂದ್ಕೊಡಿ, ಇವತ್ತೇ ಶುರು ಮಾಡ್ತೀನಿ" ಎಂದರು. ಅವರು ಹೇಳಿದ್ದು ಸರಿ. ಬಡಿತ ತಪ್ಪಿದ್ದು ಕಾಣುವ ಒಂದು ಹಾಳೆ ಬೇಕಾಗಿತ್ತು, ಅದನ್ನು ತರುವುದು ನನ್ನ ಕೆಲಸ.

ತೊಂದರೆ ಇಷ್ಟೇ. ಅವಳಿಗೆ ಬಡಿತ ತಪ್ಪುತ್ತಿದ್ದದ್ದು ಹೆಚ್ಚಾಗಿ ಮಧ್ಯಾಹ್ನದ ಊಟದ ಗದ್ದಲದಲ್ಲಿ, ಅರ್ಧ ಗಂಟೆಯೂ ಇರುತ್ತಿರಲಿಲ್ಲ. ಕೆ.ಆರ್. ಪುರಂನಿಂದ ನಮ್ಮ ಆಸ್ಪತ್ರೆಗೆ ಬಂದು ಚೀಟಿ ಮಾಡಿಸಿ ಮಂಚ ಹತ್ತುವಷ್ಟರಲ್ಲಿ ಎದೆ ಸಾಧುವಾಗಿರುತ್ತಿತ್ತು. ಅವಳು ಬರುವುದು ಬೇಡ, ನಾನೇ ಹೋಗುತ್ತೇನೆ ಎಂದು ನಿರ್ಧರಿಸಿದೆ. ಖಾನಾವಳಿಯ ಎದುರಿನ ಸಣ್ಣ ಕ್ಲಿನಿಕ್ಕಿನಲ್ಲಿ ಕಾವ್ಯಾ ಎಂಬ ಟೆಕ್ನಿಷಿಯನ್ ಇದ್ದಳು, ಹಿಂದೆ ನನ್ನ ಕೋಣೆಯಲ್ಲೇ ಕೆಲಸ ಕಲಿತವಳು. ಅವಳ ಡಾಕ್ಟರರ ಒಪ್ಪಿಗೆ ಪಡೆದು ಮೆಷೀನು ಸಿದ್ಧವಿರಲಿ ಎಂದು ಹೇಳಿದೆ. ನನ್ನ ವಾರದ ರಜೆಯ ದಿನ ಖಾನಾವಳಿಗೆ ಹೋಗಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಮಲ್ಲಮ್ಮನಿಗೆ ನಾಡಿ ಹಿಡಿಯಲು ಕಲಿಸಿದ್ದು ಅಲ್ಲೇ. ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಮಣಿಕಟ್ಟಿನ ಮೇಲೆ ಮೂರು ಬೆರಳು ಇಡಬೇಕು, ಒತ್ತಬಾರದು, ಒಂದು ನಿಮಿಷ ಬಿಡಬಾರದು. ಓದು ಬರಹ ಇಲ್ಲದವಳು, ಆದರೆ ತಾಳ ಅವಳ ಕೈಯಲ್ಲೇ ಇತ್ತು. ಎರಡೇ ಸಲಕ್ಕೆ ಕಲಿತಳು. ಪಕ್ಕದ ಹೆಂಗಸರ ಕೈಯನ್ನೂ ಹಿಡಿದು ನೋಡತೊಡಗಿದಳು. ಆ ದಿನ ಏನೂ ಆಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಖಾನಾವಳಿಯ ಯಜಮಾನರು, ಮೇಡಂ, ನಿಮಗೂ ಒಂದು ಹಿಟ್ಟಿನ ಉಂಡೆ ಕೊಡಲೇ ಎಂದು ಚುಡಾಯಿಸಿದರು. ಮನೆಯಲ್ಲಿ ನನ್ನ ಯಜಮಾನರು, ರಿಟೈರ್ ಆದ ಮೇಲೆ ಅಲ್ಲಿಯೇ ಕೆಲಸ ಗಟ್ಟಿ ಮಾಡಿಕೊಂಡಿದ್ದೀಯಾ ಎಂದರು. ನನಗೆ ಉಳಿದಿದ್ದದ್ದು ನಾಲ್ಕು ವಾರ. ಹಿಡಿಯದೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದು ಕೂತೆ.

ಮೂರನೆಯ ವಾರ, ಊಟದ ಎಲೆಗಳು ಒಂದರ ಹಿಂದೆ ಒಂದು ಬೀಳುತ್ತಿರುವಾಗ, ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಮಲ್ಲಮ್ಮ ಹಿಟ್ಟಿನ ಕೈಯಲ್ಲೇ ಇನ್ನೊಂದು ಮಣಿಕಟ್ಟು ಹಿಡಿದು ನಿಂತಿದ್ದಳು. "ಬಂತ್ರಿ ಅಕ್ಕೋರ" ಎಂದಳು. ನಾನೂ ಹಿಡಿದು ನೋಡಿದೆ. ನನ್ನ ಬೆರಳುಗಳ ಕೆಳಗೆ ಅದು ದಿಕ್ಕು ದೆಸೆಯಿಲ್ಲದೆ ಓಡುತ್ತಿತ್ತು. ಓಡಬೇಡ, ನಿಧಾನ ಎನ್ನುತ್ತ ರಸ್ತೆ ದಾಟಿಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕಾವ್ಯಾ ಸರಸರನೆ ತಂತಿ ಕಟ್ಟಿದಳು. ಮಲ್ಲಮ್ಮ ಏದುಸಿರು ಬಿಡುತ್ತಿದ್ದಳು, ಕೈ ನಡುಗುತ್ತಿತ್ತು. ಹಾಳೆ ಹೊರಬಂತು. ಗೆರೆಗಳೆಲ್ಲ ಮೇಲೆ ಕೆಳಗೆ ಓಲಾಡಿದ್ದವು. ಸರಿಯಾಗಿ ಬಂದಿಲ್ಲ, ಮತ್ತೆ ತೆಗೆಯಿರಿ ಎಂದು ಮೆಷೀನು ತಲೆಯ ಮೇಲೆ ಬರೆದಿತ್ತು.

"ಪೇಷೆಂಟ್ ಅಲ್ಲಾಡ್ಬಿಟ್ರು ಮೇಡಂ, ಇನ್ನೊಂದ್ಸಲ ತಗೊಂಡ್ಬಿಡ್ತೀನಿ" ಎನ್ನುತ್ತ ಕಾವ್ಯಾ ಹಾಳೆಯನ್ನು ಮೆಷೀನಿನಿಂದ ಹರಿದು, ಮುದ್ದೆ ಮಾಡಿ, ಬುಟ್ಟಿಯ ಕಡೆ ಕೈ ಚಾಚಿದಳು.

ನಾನು ಅವಳ ಕೈ ಹಿಡಿದುಕೊಂಡೆ. ಹುಡುಗಿಗೆ ನೋವಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದೆನಂತೆ, ಆಮೇಲೆ ಹೇಳಿದಳು. ಮುದ್ದೆಯನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಾವ್ಯಾ ಎರಡನೆಯದನ್ನು ತೆಗೆದಳು. ಗೆರೆ ನೆಟ್ಟಗೆ ಬಂತು. ಮೂರನೆಯದೂ ನೆಟ್ಟಗೆ. ಬಡಿತ ಆಗಲೇ ತಾನಾಗಿಯೇ ಸರಿಹೋಗಿತ್ತು. ಅಷ್ಟು ವಾರ ಕಾದದ್ದಕ್ಕೆ ಸಿಕ್ಕಿದ್ದು ಆ ಸುಕ್ಕು ಹಾಳೆ ಒಂದೇ.

ಮೇಜಿನ ಮೇಲೆ ಅಂಗೈಯಿಂದ ಅದನ್ನು ತೀಡಿ ಹರಡಿದೆ. ಖಾಲಿ ಕಾಗದದ ಅಂಚನ್ನು ಹಾಳೆಯ ಕೊನೆಯ ಸಾಲಿನ ಉದ್ದ ಗೆರೆಗೆ ಹಿಡಿದು, ಪಕ್ಕಪಕ್ಕದ ಮೂರು ಶಿಖರಗಳಿಗೆ ಪೆನ್ಸಿಲ್ ಗುರುತು ಹಾಕಿ, ಕಾಗದವನ್ನು ಸರಿಸಿ ನೋಡು ಎಂದು ಕಾವ್ಯಾಳಿಗೆ ಹೇಳಿದೆ. ಬಡಿತ ಸರಿಯಿದ್ದರೆ ಗುರುತುಗಳು ಮುಂದಿನ ಶಿಖರಗಳಿಗೂ ಕೂಡುತ್ತವೆ. ಇಲ್ಲಿ ಒಂದೂ ಕೂಡಲಿಲ್ಲ. ಪ್ರತಿ ಶಿಖರದ ಮುಂದೆ ಇರಬೇಕಾದ ಸಣ್ಣ ಉಬ್ಬೂ ಎಲ್ಲಿಯೂ ಇರಲಿಲ್ಲ. ಅವಳು ಗುರುತನ್ನು ಸರಿಸುತ್ತ ಸರಿಸುತ್ತ ಕೊನೆ ಮುಟ್ಟಿ, ತಲೆ ತಗ್ಗಿಸಿ ಅಳತೊಡಗಿದಳು. ನಾನು ಅವಳಿಗೆ ಖಾದರ್ ಸಾಹೇಬರ ಕಥೆ ಹೇಳಿದೆ. ಅದುವರೆಗೆ ನಾನದನ್ನು ಯಾವ ಹೊಸಬರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದೂ ತಪ್ಪೇ ಎಂದು ಅವತ್ತು ಗೊತ್ತಾಯಿತು.

ಅಂದೇ ಸಂಜೆಯೊಳಗೆ ಹಾಳೆಯನ್ನು ನಮ್ಮ ಡಾಕ್ಟರ ಮುಂದಿಟ್ಟೆ. ಅವರು ಸುಕ್ಕುಗಳನ್ನು ನೋಡಿ ಇದೆಲ್ಲಿತ್ತು ಎಂದರು, ಬುಟ್ಟಿಯ ಬಾಯಲ್ಲಿತ್ತು ಎಂದೆ. ಕೊಟ್ಟ ಮಾತಿನಂತೆ ಮಾತ್ರೆ ಶುರುವಾಯಿತು.

ಮಾತ್ರೆ ಬರೆದುಕೊಟ್ಟರೆ ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಎದೆ ಹಾರುವುದು ಕಡಿಮೆಯಾದ ಕೂಡಲೇ ಮಲ್ಲಮ್ಮ ಮಾತ್ರೆ ನಿಲ್ಲಿಸಿದಳು. ಒಸಡಿನಲ್ಲಿ ರಕ್ತ ಬಂದದ್ದೂ ಒಂದು ನೆಪವಾಯಿತು. ಸರಿ ಆದದ್ದಕ್ಕೆ ಯಾಕೆ ಮಾತ್ರೆ ಎಂಬ ಅದೇ ಹಳೆಯ ವಾದ. ಡಾಕ್ಟರ ಬಳಿ ಕೂರಿಸಿ ಹೇಳಿಸಿದೆ. ಒಂದು ಮಾತ್ರೆ ಓಟ ಕಡಿಮೆ ಮಾಡುವುದಕ್ಕೆ, ಇನ್ನೊಂದು ಗರಣೆ ಕಟ್ಟದಿರುವುದಕ್ಕೆ. ಎದೆ ಸುಮ್ಮನಿದ್ದಾಗಲೂ ಎರಡನೆಯದು ಬೇಕು, ರಕ್ತ ಬಂದರೆ ಬಂದು ತೋರಿಸಬೇಕು, ತಾನಾಗಿ ನಿಲ್ಲಿಸಬಾರದು. ಅವಳಿಗೆ ಅದು ಅರ್ಥವಾದದ್ದು ಕೈಯ ಮಾತು ಬಂದಾಗ. ರೊಟ್ಟಿ ಜಾರಿದ ಆ ಹತ್ತು ನಿಮಿಷ ಜೀವನಪೂರ್ತಿ ಇದ್ದರೆ ಏನು ಮಾಡುತ್ತೀ ಎಂದು ನಾನು ಕೇಳಿದೆ. ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅಲ್ಲಿಂದ ಒಂದು ದಿನವೂ ತಪ್ಪಿಸಿಲ್ಲ.

ನಾನು ನಿವೃತ್ತಳಾಗಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಲಸೂರಿನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಲ್ಲಮ್ಮ. ಜೊತೆಗೆ ಖಾನಾವಳಿಯಲ್ಲಿ ಪಲ್ಯ ಮಾಡುವ ಸಿದ್ದಮ್ಮ. ಮಲ್ಲಮ್ಮ ಅವಳ ಮಣಿಕಟ್ಟನ್ನು ಮೂರು ಬೆರಳಿನಲ್ಲಿ ಹಿಡಿದೇ ನಿಂತಿದ್ದಳು. ಅಷ್ಟು ಬೆಳಿಗ್ಗೆ ಕಾವ್ಯಾಳ ಕ್ಲಿನಿಕ್ಕು ತೆರೆದಿರಲಿಲ್ಲವಂತೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕೈ ಬಿಟ್ಟಿರಲಿಲ್ಲವಂತೆ.

"ಈಕೀದು ಸಮ ಇಲ್ರಿ ಅಕ್ಕೋರ" ಎಂದಳು. "ಈಗ ಅದ. ಹೋಗಾದ್ರಾಗ ಹಿಡೀಬೇಕ್ರಿ."

ನಾನು ಹಿಡಿದು ನೋಡಿದೆ. ಸಮ ಇರಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ಆಟೋ ಹಿಡಿದು ಹಳೆಯ ಕೋಣೆಗೆ ಹೋದೆವು. ಅಲ್ಲಿ ಈಗ ಹೊಸ ಹುಡುಗಿ, ನನ್ನ ಗುರುತಿಲ್ಲ. ಸಿದ್ದಮ್ಮನನ್ನು ಮಲಗಿಸಿ ತಂತಿ ಕಟ್ಟಿದಳು. ನಾನು ಗೋಡೆಗೆ ಒರಗಿ ಸುಮ್ಮನೆ ನಿಂತೆ. ಮೆಷೀನು ಗುಂಯ್ ಎಂದಿತು. ಮೊದಲ ಹಾಳೆ ಹೊರಗೆ ಬರುವ ಹೊತ್ತಿಗೆ ಮಲ್ಲಮ್ಮ ಹೋಗಿ ಕಸದ ಬುಟ್ಟಿಗೆ ಅಡ್ಡವಾಗಿ ನಿಂತಿದ್ದಳು.